ಕ್ಯೂಬಾದ ಭಿನ್ನಮತೀಯರಿಗೂ ಜೆಕ್ ದೇಶಕ್ಕೂ ಎಲ್ಲಿಯ ನಂಟು?

ಓಸ್ವಾಲ್ಡೊ ಪಾಯಾ ಒಬ್ಬ ಇಂಜಿನಿಯರ್. ಕ್ಯೂಬಾದ ರಾಜಧಾನಿ ಹವಾನಾದಲ್ಲಿ ಆಸ್ಪತ್ರೆಗಳ ವೈದ್ಯಕೀಯ ಉಪಕರಣಗಳನ್ನು ರಿಪೇರಿ ಮಾಡೋದು ಅವರ ಕೆಲಸ. ಯಾವುದಾದರೂ ಯಂತ್ರ ಕೆಟ್ಟರೆ ಮೊದಲು ಅದರ ಮ್ಯಾನ್ಯುಯಲ್ ತೆಗೆದು ನೋಡ್ತೀವಲ್ಲ, ಪಾಯಾ ತಮ್ಮ ದೇಶದ ಸಂವಿಧಾನವನ್ನೂ ಹಾಗೇ ತೆಗೆದು ನೋಡಿದರು. 1976ರ ಕ್ಯೂಬಾ ಸಂವಿಧಾನದ 88ನೇ ವಿಧಿಯಲ್ಲಿ ಒಂದು ಸಾಲು ಸಿಕ್ಕಿತು: ಮತದಾನದ ಹಕ್ಕಿರುವ 10,000 ನಾಗರಿಕರು ಸಹಿ ಹಾಕಿದರೆ ಹೊಸ ಕಾನೂನೊಂದನ್ನು ಸಂಸತ್ತಿನ ಮುಂದಿಡಬಹುದು.

ಸರಿ, ಸಹಿ ಸಂಗ್ರಹ ಶುರುವಾಯಿತು. ಕೇಳಿದ್ದಾದರೂ ಏನು? ಮಾತಾಡುವ ಮತ್ತು ಸಂಘಟನೆ ಕಟ್ಟುವ ಸ್ವಾತಂತ್ರ್ಯ, ರಾಜಕೀಯ ಕೈದಿಗಳ ಬಿಡುಗಡೆ, ಸಣ್ಣಪುಟ್ಟ ಸ್ವಂತ ವ್ಯಾಪಾರಕ್ಕೆ ಅವಕಾಶ, ಮುಕ್ತ ಚುನಾವಣೆ. ಇದಕ್ಕೆ 'ವರೇಲಾ ಯೋಜನೆ' ಅಂತ ಹೆಸರು. 2002ರ ಮೇ 10ರಂದು 11,020 ಸಹಿಗಳ ಪೆಟ್ಟಿಗೆಗಳನ್ನು ಪಾಯಾ ಮತ್ತು ಗೆಳೆಯರು ಹವಾನಾದ ರಾಷ್ಟ್ರೀಯ ಸಭೆಗೆ ಒಪ್ಪಿಸಿ ಬಂದರು.

ಒಂದೇ ಪಕ್ಷದ ಆಡಳಿತ ಇರುವ, ಪತ್ರಿಕೆ, ರೇಡಿಯೊ, ಟಿವಿ ಎಲ್ಲವೂ ಸರ್ಕಾರದ್ದೇ ಆಗಿರುವ ದೇಶದಲ್ಲಿ ಹೆಸರು, ವಿಳಾಸ, ಗುರುತಿನ ಸಂಖ್ಯೆ ಬರೆದು ಸಹಿ ಹಾಕೋದು ಎಂಥ ಧೈರ್ಯ ಅಂತ ಒಮ್ಮೆ ಯೋಚಿಸಿ. ಹೀಗೆ ಬಂದೂಕು ಹಿಡಿಯದೆ, ಬಹಿರಂಗವಾಗಿ, ಆಳುವವರ ಜೊತೆ ಒಪ್ಪದವರನ್ನು 'ಭಿನ್ನಮತೀಯರು' ಅಂತಾರೆ. ಸರ್ಕಾರದ ಹಂಗಿಲ್ಲದೆ ಜನ ತಾವೇ ಕಟ್ಟಿಕೊಳ್ಳುವ ಗುಂಪುಗಳು, ಅಂದ್ರೆ ಸ್ವತಂತ್ರ ಗ್ರಂಥಾಲಯ, ಪತ್ರಕರ್ತರ ಕೂಟ, ಕೈದಿಗಳ ಕುಟುಂಬಗಳ ಸಂಘ, ಇವೆಲ್ಲ ಸೇರಿ 'ನಾಗರಿಕ ಸಮಾಜ'.

ಪಾಯಾ ಹೆಸರನ್ನು ಹೊರಜಗತ್ತಿನಲ್ಲಿ ಬಿಡದೆ ಎತ್ತಿ ಆಡಿದ ದೇಶಗಳಲ್ಲಿ ಮುಖ್ಯವಾದದ್ದು ಯಾವುದು ಗೊತ್ತಾ? ಹವಾನಾದಿಂದ ಎಂಟು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದಲ್ಲಿರುವ, ಹೆಚ್ಚುಕಡಿಮೆ ಒಂದು ಕೋಟಿ ಜನಸಂಖ್ಯೆಯ, ಸಮುದ್ರವೇ ಇಲ್ಲದ ಜೆಕ್ ಗಣರಾಜ್ಯ. ಇಂಥ ಪುಟ್ಟ ದೇಶಕ್ಕೆ ಕೆರಿಬಿಯನ್ ದ್ವೀಪವೊಂದರ ಉಸಾಬರಿ ಯಾಕೆ ಬೇಕಿತ್ತು? ಇಂಥ ಬೆಂಬಲ ಅಂದ್ರೆ ನಿಜವಾಗಿ ಏನು ಮಾಡ್ತಾರೆ? ಅದರಿಂದ ಯಾರಿಗಾದರೂ ಉಪಯೋಗ ಆಯಿತಾ? ಈ ಮೂರು ಪ್ರಶ್ನೆಗಳನ್ನು ಒಂದೊಂದಾಗಿ ನೋಡೋಣ.

ಒಂದು ಕಾಲದ ದೋಸ್ತಿ

ಮೊದಲು ಇವೆರಡೂ ಒಂದೇ ಪಾಳಯದಲ್ಲಿದ್ದವು. 1959ರಲ್ಲಿ ಫಿಡೆಲ್ ಕ್ಯಾಸ್ಟ್ರೊ ಕ್ರಾಂತಿ ಗೆದ್ದ ಮೇಲೆ ಕ್ಯೂಬಾ ಸೋವಿಯತ್ ಬಣದ ಕಡೆ ವಾಲಿತು. ಆಗಿನ ಜೆಕೊಸ್ಲೊವಾಕಿಯಾ ಕ್ಯೂಬಾಕ್ಕೆ ಆಯುಧ, ಯಂತ್ರ, ತಂತ್ರಜ್ಞರನ್ನು ಕಳಿಸಿತು. ನಮ್ಮ ಹಾಸ್ಟೆಲ್ ಗೋಡೆಗಳಲ್ಲೂ ಟೀ ಶರ್ಟುಗಳಲ್ಲೂ ರಾರಾಜಿಸುವ ಚೆ ಗೆವಾರ ಕಾಂಗೊದ ಹೋರಾಟ ಸೋತ ಮೇಲೆ 1966ರಲ್ಲಿ ಕೆಲವು ತಿಂಗಳು ಗುಟ್ಟಾಗಿ ಉಳಿದುಕೊಂಡದ್ದು ಪ್ರಾಗ್‌ನಲ್ಲಿ ಮತ್ತು ಅದರ ಆಸುಪಾಸಿನಲ್ಲೇ. ಮುಂದೆ ಸಾವಿರಾರು ಕ್ಯೂಬನ್ನರು ಜೆಕೊಸ್ಲೊವಾಕಿಯಾದ ಕಾರ್ಖಾನೆಗಳಿಗೆ ಕೆಲಸ ಕಲಿಯಲು ಬಂದರು. ಅಮೆರಿಕ ಕ್ಯೂಬಾದ ಜೊತೆ ಸಂಬಂಧ ಕಡಿದುಕೊಂಡ ಮೇಲೆ ವಾಷಿಂಗ್ಟನ್‌ನಲ್ಲಿ ಕ್ಯೂಬಾದ ಹಿತ ನೋಡಿಕೊಳ್ಳುವ ಹೊಣೆ ಹೊತ್ತದ್ದು ಕೂಡ ಜೆಕೊಸ್ಲೊವಾಕಿಯಾವೇ.

ಆದರೆ ಮನಸ್ಸಿನಲ್ಲಿ ಒಂದು ಮುಳ್ಳು ಚುಚ್ಚಿ ಉಳಿದಿತ್ತು. 1968ರ ಆಗಸ್ಟಿನಲ್ಲಿ ಪ್ರಾಗ್‌ನ ಸುಧಾರಣೆಗಳನ್ನು ಹತ್ತಿಕ್ಕಲು ಸೋವಿಯತ್ ನೇತೃತ್ವದ ಟ್ಯಾಂಕುಗಳು ನುಗ್ಗಿದಾಗ, ಜಗತ್ತಿನ ಎಷ್ಟೋ ಎಡಪಂಥೀಯರೂ ಅದನ್ನು ಖಂಡಿಸಿದ್ದರು. ಕ್ಯಾಸ್ಟ್ರೊ ಮಾತ್ರ ಎರಡೇ ದಿನದಲ್ಲಿ ಭಾಷಣ ಮಾಡಿ ಆ ದಾಳಿಯನ್ನು ಸಮರ್ಥಿಸಿದರು.

1989ರ ನವೆಂಬರಿನಲ್ಲಿ ಪ್ರಾಗ್‌ನ ವಿದ್ಯಾರ್ಥಿಗಳು ಬೀದಿಗೆ ಇಳಿದರು. ಆರು ವಾರದಲ್ಲಿ ಆಡಳಿತ ಕುಸಿಯಿತು. ಡಿಸೆಂಬರ್ 29ರಂದು ನಾಟಕಕಾರ ವಾಕ್ಲಾವ್ ಹಾವೆಲ್ ಅಧ್ಯಕ್ಷರಾದರು. ಅದೇ ವರ್ಷದ ಮೇ ತಿಂಗಳವರೆಗೂ ಅವರು ಜೈಲಿನಲ್ಲಿದ್ದರು! ಹೊಸ ಸರ್ಕಾರ ಕ್ಯೂಬಾದ ಜೊತೆಗಿನ ಹಳೇ ನಂಟನ್ನು ಸಡಿಲಿಸಿತು. 1991ರಲ್ಲಿ ವಾಷಿಂಗ್ಟನ್‌ನ ಆ ಹೊಣೆ ಸ್ವಿಟ್ಜರ್ಲೆಂಡಿಗೆ ಹೋಯಿತು.

ಒಂದು ಬೆಳಗಿನ ತಿಂಡಿ

ಜೆಕ್ ನಿಲುವು ಅರ್ಥ ಆಗಬೇಕಾದರೆ 1988ರ ಡಿಸೆಂಬರ್ 9ಕ್ಕೆ ಹೋಗಬೇಕು. ಫ್ರಾನ್ಸಿನ ಅಧ್ಯಕ್ಷ ಮಿತ್ತೆರಾಂ ಅಧಿಕೃತ ಭೇಟಿಗೆ ಪ್ರಾಗ್‌ಗೆ ಬಂದಿದ್ದರು. ಸರ್ಕಾರದವರನ್ನು ಭೇಟಿ ಮಾಡೋದು ಇದ್ದದ್ದೇ. ಅದರ ಜೊತೆಗೆ ಅವರು ಇನ್ನೊಂದು ಕೆಲಸ ಮಾಡಿದರು: ಹಾವೆಲ್ ಸೇರಿದಂತೆ ಎಂಟು ಮಂದಿ ಭಿನ್ನಮತೀಯರನ್ನು ಫ್ರೆಂಚ್ ರಾಯಭಾರ ಕಚೇರಿಗೆ ಬೆಳಗಿನ ತಿಂಡಿಗೆ ಕರೆದರು. ದಾರಿಯಲ್ಲೇ ಪೊಲೀಸರು ಹಿಡಿದರೆ ಇರಲಿ ಅಂತ ಹಾವೆಲ್ ಹಲ್ಲುಜ್ಜುವ ಬ್ರಷ್ ಜೇಬಿನಲ್ಲಿ ಇಟ್ಟುಕೊಂಡೇ ಹೋಗಿದ್ದರು ಅಂತ ಹೇಳುತ್ತಾರೆ.

ಆ ತಿಂಡಿಯಿಂದ ಆಡಳಿತ ಬದಲಾಗಲಿಲ್ಲ. ಮುಂದಿನ ತಿಂಗಳೇ ಹಾವೆಲ್ ಮತ್ತೆ ಜೈಲು ಸೇರಿದರು. ಹಾಗಾದರೆ ಲಾಭ ಏನು? ಅಲ್ಲಿಯವರೆಗೆ ಸರ್ಕಾರದ ದೃಷ್ಟಿಯಲ್ಲಿ ಅವರು ಸಮಾಜದ್ರೋಹಿಗಳು, ಪುಂಡರು. ಇನ್ನೊಂದು ದೇಶದ ಅಧ್ಯಕ್ಷರು ಅವರ ಜೊತೆ ಒಂದೇ ಮೇಜಿಗೆ ಕೂತ ಕ್ಷಣದಿಂದ ಅವರು ಮಾತಿಗೆ ಯೋಗ್ಯರಾದ ನಾಗರಿಕರಾದರು. ಅವರನ್ನು ಸದ್ದಿಲ್ಲದೆ ಕಾಣೆ ಮಾಡೋದು ಕಷ್ಟವಾಯಿತು.

ಹಾವೆಲ್ ಬಳಗದ ಇನ್ನೊಂದು ಅನುಭವವೂ ಇಲ್ಲಿ ಮುಖ್ಯ. 1977ರ ಜನವರಿಯಲ್ಲಿ ಅವರು ಹೊರತಂದ 'ಚಾರ್ಟರ್ 77' ಎಂಬ ಮನವಿಯ ವಾದ ಬಹಳ ಸರಳ: ಹೆಲ್ಸಿಂಕಿಯಲ್ಲಿ ಮಾನವ ಹಕ್ಕುಗಳ ಒಪ್ಪಂದಕ್ಕೆ ನೀವೇ ಸಹಿ ಹಾಕಿದ್ದೀರಿ, ಈಗ ಅದನ್ನು ಪಾಲಿಸಿ. ಕಾಲು ಶತಮಾನದ ನಂತರ ಪಾಯಾ ಮಾಡಿದ್ದೂ ಅದೇ: ನಿಮ್ಮದೇ ಸಂವಿಧಾನ, ನಿಮ್ಮದೇ 88ನೇ ವಿಧಿ. ಜೆಕ್ಕರಿಗೆ ಪಾಯಾನಲ್ಲಿ ಕಂಡದ್ದು ದೂರದ ದ್ವೀಪದ ಅಪರಿಚಿತ ಅಲ್ಲ, ತಮ್ಮದೇ ನಿನ್ನೆ. ಜೆಕ್ ಸಂಸ್ಥೆ 'ಪೀಪಲ್ ಇನ್ ನೀಡ್' ತನ್ನ 'ಹೋಮೊ ಹೋಮಿನಿ' ಪ್ರಶಸ್ತಿಯನ್ನು ಪಾಯಾಗೆ ಕೊಟ್ಟದ್ದು 1999ರಲ್ಲಿ, ವರೇಲಾ ಸಹಿಗಳು ಸುದ್ದಿಯಾಗುವ ಮೊದಲೇ. ಮುಂದೆ ಹಾವೆಲ್ ಅವರ ಹೆಸರನ್ನು ನೊಬೆಲ್ ಶಾಂತಿ ಪ್ರಶಸ್ತಿಗೂ ಸೂಚಿಸಿದರು. 2002ರಲ್ಲಿ ಯುರೋಪಿಯನ್ ಸಂಸತ್ತು ಪಾಯಾಗೆ ಸಖರೋವ್ ಪ್ರಶಸ್ತಿ ಕೊಟ್ಟಿತು.

ಒಂದೇ ಮತದ ಅಂತರ

ಜೆಕ್ ರಾಜತಾಂತ್ರಿಕರ ಮೊದಲ ದೊಡ್ಡ ಅಂಕಣ ಜಿನೀವಾ. ವಿಶ್ವಸಂಸ್ಥೆಯ ಆಗಿನ ಮಾನವ ಹಕ್ಕುಗಳ ಆಯೋಗದಲ್ಲಿ 53 ಸದಸ್ಯ ದೇಶಗಳು. ಮೊದಲೆಲ್ಲ ಕ್ಯೂಬಾ ವಿರುದ್ಧದ ನಿರ್ಣಯಗಳನ್ನು ಅಮೆರಿಕವೇ ತರುತ್ತಿತ್ತು. 1998ರಲ್ಲಿ ಅದು ಬಿದ್ದುಹೋಯಿತು. ಮರುವರ್ಷ ನಿರ್ಣಯ ತಂದದ್ದು ಜೆಕ್, ಪೋಲೆಂಡ್ ಜೊತೆಗೂಡಿ. ಪರ 21, ವಿರುದ್ಧ 20. ಒಂದೇ ಮತದಲ್ಲಿ ಪಾಸ್! ಮುಂದಿನ ಎರಡು ವರ್ಷವೂ ಜೆಕ್ ನಿರ್ಣಯ ತಂದು ಗೆಲ್ಲಿಸಿತು.

ಇಲ್ಲಿ ನಮ್ಮ ದೇಶ ಎಲ್ಲಿತ್ತು? ಆ ವರ್ಷಗಳಲ್ಲಿ ಇಂಥ ನಿರ್ಣಯಗಳ ವಿರುದ್ಧದ ಸಾಲಿನಲ್ಲಿತ್ತು. ಅದಕ್ಕೆ ಅದರದೇ ಹಿನ್ನೆಲೆ ಇದೆ. ಕ್ಯೂಬಾ ಅಲಿಪ್ತ ಚಳವಳಿಯ ಹಳೇ ಸಂಗಾತಿ; 1983ರ ದೆಹಲಿ ಶೃಂಗಸಭೆಯಲ್ಲಿ ಕ್ಯಾಸ್ಟ್ರೊ ಇಂದಿರಾ ಗಾಂಧಿಯವರನ್ನು ಅಪ್ಪಿಕೊಂಡ ಫೋಟೋ ಈಗಲೂ ಓಡಾಡುತ್ತೆ. ಒಂದೊಂದೇ ದೇಶವನ್ನು ಆರಿಸಿ ಕಟಕಟೆಗೆ ನಿಲ್ಲಿಸೋದು ಸರಿಯಲ್ಲ ಎನ್ನುವುದೂ ಭಾರತದ ಹಳೇ ನಿಲುವು. ಹಾಗಾಗಿ ಈ ಕಥೆಯಲ್ಲಿ ಎಲ್ಲರೂ ಒಂದು ಕಡೆ, ಕ್ಯೂಬಾ ಒಂದು ಕಡೆ ಅಂತೇನೂ ಇಲ್ಲ.

ಜಿನೀವಾದ ಸೇಡು ಬೇಗ ತೀರಿತು ಅಂತ ಜೆಕ್ಕರಿಗೆ ಅನ್ನಿಸಿದರೆ ಆಶ್ಚರ್ಯವಿಲ್ಲ. 2001ರ ಜನವರಿ 12ರಂದು ಕ್ಯೂಬಾದ ಸಿಯೆಗೊ ದೆ ಆವಿಲಾ ಪ್ರಾಂತ್ಯದಲ್ಲಿ ಇಬ್ಬರು ಜೆಕ್ ಪ್ರವಾಸಿಗರ ಬಂಧನವಾಯಿತು. ಒಬ್ಬರು ಇವಾನ್ ಪಿಲಿಪ್, ಮಾಜಿ ಹಣಕಾಸು ಮಂತ್ರಿ, ಆಗ ಸಂಸದ. ಇನ್ನೊಬ್ಬರು ಯಾನ್ ಬುಬೆನಿಕ್, 1989ರ ವಿದ್ಯಾರ್ಥಿ ನಾಯಕರಲ್ಲಿ ಒಬ್ಬರು. ಪ್ರವಾಸಿ ವೀಸಾದಲ್ಲಿ ಬಂದು ಭಿನ್ನಮತೀಯರನ್ನು ಭೇಟಿಯಾಗಿದ್ದೇ ಅಪರಾಧ. ಅಮೆರಿಕದ ಸಂಸ್ಥೆಯೊಂದರ ಪರವಾಗಿ ಬಂದಿದ್ದಾರೆ ಎನ್ನುವುದು ಕ್ಯೂಬಾದ ದೂರು. ಮೂರು ವಾರಕ್ಕೂ ಹೆಚ್ಚು ಅವರು ಹವಾನಾದಲ್ಲಿ ಬಂಧನದಲ್ಲಿದ್ದರು. ಕೊನೆಗೆ ಜೆಕ್ ಸೆನೆಟ್ ಅಧ್ಯಕ್ಷ ಪೀಟರ್ ಪಿಥಾರ್ಟ್ ಹವಾನಾಕ್ಕೇ ಹೋಗಬೇಕಾಯಿತು. ಅವರೂ ಚಾರ್ಟರ್ 77ಕ್ಕೆ ಸಹಿ ಹಾಕಿದವರೇ. ಗೊತ್ತಿಲ್ಲದೆ ಕ್ಯೂಬಾದ ಕಾನೂನು ಮೀರಿದೆವು ಅನ್ನುವ ಹೇಳಿಕೆಗೆ ಸಹಿ ಪಡೆದು ಫೆಬ್ರವರಿ 5ರಂದು ಇಬ್ಬರನ್ನೂ ಬಿಟ್ಟರು.

ಗಮನಿಸಿ: ಮಾಜಿ ಮಂತ್ರಿಗೆ ಬಿಡಿಸಿಕೊಂಡು ಬರಲು ಒಂದು ದೇಶ ಇತ್ತು. ಅವರು ಭೇಟಿಯಾದ ಕ್ಯೂಬನ್ನರಿಗೆ ವಿಮಾನ ಹತ್ತಿ ಹೋಗುವ ದಾರಿ ಇರಲಿಲ್ಲ.

ಕಪ್ಪು ವಸಂತ ಮತ್ತು ಕಾಕ್‌ಟೇಲ್ ಯುದ್ಧ

ವರೇಲಾ ಸಹಿಗಳಿಗೆ ಸರ್ಕಾರದ ಉತ್ತರ ಎರಡು ಹಂತದಲ್ಲಿ ಬಂತು. 2002ರ ಜೂನ್‌ನಲ್ಲೇ ಸಂವಿಧಾನಕ್ಕೆ ತಿದ್ದುಪಡಿ ತಂದು, ಸಮಾಜವಾದಿ ವ್ಯವಸ್ಥೆ ಇನ್ನೆಂದೂ ಬದಲಾಗದು ಅಂತ ಬರೆದರು. 2003ರ ಮಾರ್ಚ್ 18ರಿಂದ ಬಂಧನಗಳು ಶುರುವಾದವು. 75 ಮಂದಿ ಜೈಲು ಪಾಲಾದರು. ಪತ್ರಕರ್ತರು, ಮನೆಯಲ್ಲೇ ಗ್ರಂಥಾಲಯ ನಡೆಸುತ್ತಿದ್ದವರು, ಮತ್ತೆ ವರೇಲಾಕ್ಕೆ ಸಹಿ ಸಂಗ್ರಹಿಸಿದ ನಲವತ್ತಕ್ಕೂ ಹೆಚ್ಚು ಕಾರ್ಯಕರ್ತರು. ಕೆಲವೇ ವಾರದಲ್ಲಿ ವಿಚಾರಣೆ ಮುಗಿಸಿ 28 ವರ್ಷದವರೆಗೆ ಶಿಕ್ಷೆ. ಇದನ್ನೇ 'ಕಪ್ಪು ವಸಂತ' ಅಂತಾರೆ. ಜೈಲು ಸೇರಿದವರ ಹೆಂಡತಿಯರು, ತಾಯಂದಿರು ಪ್ರತಿ ಭಾನುವಾರ ಬಿಳಿ ಉಡುಪು ಉಟ್ಟು, ಚರ್ಚಿನ ಪೂಜೆ ಮುಗಿಸಿ, ಕೈಯಲ್ಲಿ ಹೂ ಹಿಡಿದು ಮೌನವಾಗಿ ನಡೆಯತೊಡಗಿದರು. ಅವರೇ 'ಬಿಳಿ ಉಡುಪಿನ ಮಹಿಳೆಯರು'. 2005ರ ಸಖರೋವ್ ಪ್ರಶಸ್ತಿಯಲ್ಲಿ ಅವರಿಗೂ ಪಾಲು ಸಿಕ್ಕಿತು.

2003ರ ಜೂನ್‌ನಲ್ಲಿ ಯುರೋಪಿಯನ್ ಒಕ್ಕೂಟ ಕೆಲವು ಕ್ರಮ ಪ್ರಕಟಿಸಿತು. ದೊಡ್ಡ ಮಟ್ಟದ ಸರ್ಕಾರಿ ಭೇಟಿಗಳು ಕಡಿಮೆ. ಜೊತೆಗೆ, ರಾಯಭಾರ ಕಚೇರಿಗಳ ರಾಷ್ಟ್ರೀಯ ದಿನದ ಔತಣಕ್ಕೆ ಭಿನ್ನಮತೀಯರಿಗೂ ಆಹ್ವಾನ. ಅಂದ್ರೆ ಪ್ರಾಗ್‌ನ ಆ ತಿಂಡಿಯನ್ನೇ ನಿಯಮ ಮಾಡಿದ ಹಾಗಾಯಿತು. ಭಿನ್ನಮತೀಯರು ಬಂದ ಕಡೆ ಕ್ಯೂಬಾದ ಅಧಿಕಾರಿಗಳು ಬರಲಿಲ್ಲ. ಸರ್ಕಾರ ಯುರೋಪಿಯನ್ ರಾಯಭಾರಿಗಳ ಜೊತೆ ಮಾತೇ ನಿಲ್ಲಿಸಿತು. ಪತ್ರಿಕೆಗಳು ಇದಕ್ಕೆ 'ಕಾಕ್‌ಟೇಲ್ ಯುದ್ಧ' ಅಂತ ಹೆಸರಿಟ್ಟು ನಕ್ಕವು.

ಜೆಕ್ 2004ರ ಮೇ 1ರಂದು ಒಕ್ಕೂಟ ಸೇರಿತು. ಅಷ್ಟರಲ್ಲಿ ಸ್ಪೇನ್‌ನ ಹೊಸ ಸರ್ಕಾರ, ಈ ಕ್ರಮಗಳಿಂದ ಏನೂ ಸಾಧಿಸಿಲ್ಲ, ಮಾತುಕತೆಯೇ ದಾರಿ ಅಂತ ವಾದಿಸತೊಡಗಿತ್ತು. ಜೆಕ್ ಬಲವಾಗಿ ವಿರೋಧಿಸಿತು. ಅಧಿಕಾರದಿಂದ ಇಳಿದಿದ್ದ ಹಾವೆಲ್, ಸರ್ವಾಧಿಕಾರಿಗೆ ಬೇಸರ ಆಗುತ್ತೆ ಅಂತ ಅತಿಥಿಗಳ ಪಟ್ಟಿ ತಿದ್ದುವುದು ಯುರೋಪಿಗೆ ಶೋಭೆಯಲ್ಲ ಎನ್ನುವ ಧಾಟಿಯಲ್ಲಿ ಪತ್ರಿಕೆಗಳಲ್ಲಿ ಬರೆದರು. ಆದರೂ 2005ರ ಜನವರಿಯಲ್ಲಿ ಕ್ರಮಗಳನ್ನು ತಡೆಹಿಡಿದರು, 2008ರಲ್ಲಿ ಪೂರ್ತಿ ತೆಗೆದರು. ಈ ನಡುವೆ 2005ರ ಮೇ ತಿಂಗಳಲ್ಲಿ ಹವಾನಾದಲ್ಲಿ ಭಿನ್ನಮತೀಯರ ದೊಡ್ಡ ಸಭೆಗೆ ಬಂದಿದ್ದ ಜೆಕ್ ಸೆನೆಟರ್ ಕರೆಲ್ ಶ್ವಾರ್ಜೆನ್‌ಬರ್ಗ್ ಅವರನ್ನು ಕ್ಯೂಬಾ ಹೊರದಬ್ಬಿತು. ಮುಂದೆ ಎರಡೇ ವರ್ಷದಲ್ಲಿ ಅವರು ಜೆಕ್ ವಿದೇಶಾಂಗ ಮಂತ್ರಿ!

ಬೆಂಬಲ ಅಂದ್ರೆ ನಿಜವಾಗಿ ಏನು?

ಸಿನಿಮಾ ನೋಡಿ ನಾವು ಸೂಟ್‌ಕೇಸು, ಗುಪ್ತಚರ ಅಂತೆಲ್ಲ ಊಹಿಸ್ತೀವಿ. ರಾಯಭಾರ ಕಚೇರಿಯ ದಿನನಿತ್ಯದ ಕೆಲಸ ಅದಕ್ಕಿಂತ ತುಂಬಾ ಸಪ್ಪೆ. ಕೈದಿಯ ಮನೆಗೆ ಹೋಗಿ ಕುಶಲ ಕೇಳೋದು. ವಿಚಾರಣೆ ನಡೆಯುವಾಗ ಕೋರ್ಟಿನ ಬಾಗಿಲಲ್ಲಾದರೂ ನಿಂತಿರೋದು. ಹೆಸರುಗಳ ಪಟ್ಟಿಯನ್ನು ಸರಿಯಾಗಿಟ್ಟು ತಮ್ಮ ರಾಜಧಾನಿಗೆ ವರದಿ ಕಳಿಸೋದು. ಪುಸ್ತಕ, ಔಷಧಿ ತಲುಪಿಸೋದು. ವೀಸಾ ಕೊಡೋದು. ಮಂತ್ರಿ ಭೇಟಿಗೆ ಬಂದಾಗ ಆ ಪಟ್ಟಿಯನ್ನು ಅವರ ಕೈಗಿಡೋದು.

ಇದಕ್ಕೂ ಒಂದು 'ಸ್ಪೆಕ್' ಇದೆ: 1961ರ ರಾಜತಾಂತ್ರಿಕ ಸಂಬಂಧಗಳ ವಿಯೆನ್ನಾ ಒಪ್ಪಂದ. ಅದರ 3ನೇ ವಿಧಿ, ಆತಿಥೇಯ ದೇಶದ ಸ್ಥಿತಿಗತಿಯನ್ನು ಕಾನೂನುಬದ್ಧ ದಾರಿಗಳಲ್ಲಿ ತಿಳಿದು ವರದಿ ಮಾಡೋದು ರಾಯಭಾರಿಯ ಕೆಲಸ ಎನ್ನುತ್ತದೆ. 29ನೇ ವಿಧಿ ಅವರನ್ನು ಬಂಧಿಸುವಂತಿಲ್ಲ ಎನ್ನುತ್ತದೆ. 41ನೇ ವಿಧಿ ಆ ದೇಶದ ಆಂತರಿಕ ವಿಚಾರದಲ್ಲಿ ತಲೆ ಹಾಕಬಾರದು ಎನ್ನುತ್ತದೆ. 9ನೇ ವಿಧಿ ಪ್ರಕಾರ ಆತಿಥೇಯ ದೇಶ ಕಾರಣವನ್ನೇ ಹೇಳದೆ ರಾಜತಾಂತ್ರಿಕರನ್ನು ವಾಪಸ್ ಕಳಿಸಬಹುದು. ಭಿನ್ನಮತೀಯರ ಜೊತೆ ಟೀ ಕುಡಿದರೆ ಅದು 3ನೇ ವಿಧಿಯೋ, 41ನೇ ವಿಧಿಯ ಉಲ್ಲಂಘನೆಯೋ? ಎಲ್ಲ ಜಗಳವೂ ಇಲ್ಲೇ. ಜೆಕ್ ಹೇಳೋದು, ನಾಗರಿಕರನ್ನು ಭೇಟಿಯಾಗೋದು ನಮ್ಮ ಕೆಲಸ ಅಂತ. ಕ್ಯೂಬಾ ಹೇಳೋದು, ಇದು ವಿದೇಶಿ ಕೈವಾಡ ಅಂತ.

ಜೆಕ್ ವಿದೇಶಾಂಗ ಸಚಿವಾಲಯ ಇದಕ್ಕಾಗಿಯೇ ಒಂದು ವಿಭಾಗ ಮಾಡಿ, 'ಪರಿವರ್ತನೆಗೆ ಬೆಂಬಲ' ಎನ್ನುವ ಕಾರ್ಯಕ್ರಮ ಶುರು ಮಾಡಿತು. ಸರ್ವಾಧಿಕಾರದಿಂದ ಪ್ರಜಾಪ್ರಭುತ್ವಕ್ಕೆ ದಾಟಿದ ತಮ್ಮ ಅನುಭವವನ್ನು ಹಂಚೋದು ಅದರ ಉದ್ದೇಶ. ಬೆಲಾರುಸ್, ಬರ್ಮಾಗಳ ಜೊತೆ ಕ್ಯೂಬಾವೂ ಅದರ ಆದ್ಯತೆಯ ಪಟ್ಟಿಯಲ್ಲಿತ್ತು.

ನಮ್ಮ ಬ್ರಾಂಚಿನವರಿಗೆ ಇಷ್ಟವಾಗುವ ಭಾಗ ಇಂಟರ್‌ನೆಟ್ಟಿನದು. ಕ್ಯೂಬಾದಲ್ಲಿ ಜನಸಾಮಾನ್ಯರಿಗೆ ಅಂಗಡಿಯಲ್ಲಿ ಕಂಪ್ಯೂಟರ್ ಸಿಗತೊಡಗಿದ್ದೇ 2008ರಲ್ಲಿ. ಮೊಬೈಲಿನಲ್ಲಿ 3ಜಿ ಬಂದದ್ದು 2018ರ ಡಿಸೆಂಬರಿನಲ್ಲಿ. ಅದಕ್ಕೂ ಮೊದಲು ಕೆಲವು ಪಾಶ್ಚಾತ್ಯ ರಾಯಭಾರ ಕಚೇರಿಗಳಲ್ಲಿದ್ದ ನಾಲ್ಕಾರು ಕಂಪ್ಯೂಟರುಗಳೂ ಸ್ವತಂತ್ರ ಪತ್ರಕರ್ತರಿಗೆ ಒಂದು ಕಿಟಕಿ. ಜನ ತಮ್ಮದೇ ಜುಗಾಡ್ ಕೂಡ ಮಾಡಿಕೊಂಡರು: ಸಿನಿಮಾ, ಧಾರಾವಾಹಿ, ಆ್ಯಪ್ ಎಲ್ಲ ತುಂಬಿದ ಹಾರ್ಡ್ ಡಿಸ್ಕ್ ವಾರಕ್ಕೊಮ್ಮೆ ಮನೆಮನೆ ಸುತ್ತುತ್ತಿತ್ತು. ಅದರ ಹೆಸರು 'ವಾರದ ಪೊಟ್ಟಣ'.

2008ರ ಆರಂಭದಲ್ಲಿ ಹವಾನಾದ ಮಾಹಿತಿ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ ಎಲಿಯೆಸೆರ್ ಆವಿಲಾ ಎಂಬ ವಿದ್ಯಾರ್ಥಿ ಸಂಸತ್ತಿನ ಅಧ್ಯಕ್ಷರ ಎದುರು ಎದ್ದು ನಿಂತು ಕೇಳಿದ. ನಾವ್ಯಾಕೆ ಬೇರೆ ದೇಶಕ್ಕೆ ಹೋಗುವಂತಿಲ್ಲ? ಒಂದು ಹಲ್ಲುಜ್ಜುವ ಬ್ರಷ್ ಕೊಳ್ಳಲು ಎರಡು ಮೂರು ದಿನದ ಸಂಬಳ ಯಾಕೆ ಬೇಕು? ಎಲ್ಲರೂ ಪ್ರಯಾಣ ಹೊರಟರೆ ಆಕಾಶದಲ್ಲಿ ವಿಮಾನಗಳಿಗೆ ಜಾಗವೇ ಸಾಲದು ಎನ್ನುವಂಥ ಉತ್ತರ ಬಂತು. ಆ ವಿಡಿಯೊ ಹೊರಬಿದ್ದು ಜಗತ್ತೆಲ್ಲ ಸುತ್ತಿತು. ಆ ಹುಡುಗ ಮುಂದೆ ತಾನೇ ಒಂದು ವಿರೋಧಿ ಸಂಘಟನೆ ಕಟ್ಟಿದ.

ಆಕ್ಷೇಪಣೆಗಳೂ ಇವೆ

ಇಷ್ಟು ಓದಿ ಜೆಕ್ಕರೇ ಹೀರೋಗಳು ಅನ್ನಿಸಿದರೆ ಸ್ವಲ್ಪ ತಡೀರಿ. ಕ್ಯೂಬಾದ ಅನುಮಾನ ಗಾಳಿಯಿಂದ ಹುಟ್ಟಿದ್ದಲ್ಲ. 1961ರಲ್ಲಿ ಅಮೆರಿಕ ತರಬೇತಿ ಕೊಟ್ಟ ಪಡೆ ಅವರ ತೀರಕ್ಕೆ ಇಳಿದಿತ್ತು. 1962ರಿಂದ ಅಮೆರಿಕದ ಆರ್ಥಿಕ ದಿಗ್ಬಂಧನ ಇದೆ; ಅದನ್ನು ತೆಗೆಯಿರಿ ಅಂತ ವಿಶ್ವಸಂಸ್ಥೆಯ ಮಹಾಸಭೆ 1992ರಿಂದ ಮತ್ತೆ ಮತ್ತೆ ಹೇಳಿದೆ. ಅಮೆರಿಕದ ನೆರವು ಸಂಸ್ಥೆಯ ಗುತ್ತಿಗೆದಾರ ಅಲನ್ ಗ್ರಾಸ್ ಉಪಗ್ರಹ ಸಂಪರ್ಕದ ಉಪಕರಣ ತಂದು 2009ರಲ್ಲಿ ಸಿಕ್ಕಿಬಿದ್ದರು. ಐದು ವರ್ಷ ಜೈಲಿನಲ್ಲಿದ್ದರು. ಅದೇ ಸಂಸ್ಥೆ 'ಜುನ್‌ಜುನೆಯೊ' ಎಂಬ ಎಸ್‌ಎಂಎಸ್ ಜಾಲವನ್ನು, ಹಿಂದೆ ಯಾರಿದ್ದಾರೆ ಅಂತ ಬಳಕೆದಾರರಿಗೆ ಹೇಳದೆಯೇ, ನಡೆಸಿದ್ದು 2014ರಲ್ಲಿ ಬಯಲಾಯಿತು. ಇಂಥ ಪ್ರತಿ ಪ್ರಕರಣವೂ ನಿಜವಾದ ಭಿನ್ನಮತೀಯರ ಮೇಲೆ ಕೂಲಿಯವರು ಎನ್ನುವ ಹಣೆಪಟ್ಟಿ ಅಂಟಿಸಲು ಸರ್ಕಾರಕ್ಕೆ ಅನುಕೂಲ ಮಾಡಿಕೊಟ್ಟಿತು.

ಇನ್ನೊಂದು ಕಹಿ ಸತ್ಯ: ಕೈದಿಗಳನ್ನು ಬಿಡಿಸಿದ್ದು ಬಹುಪಾಲು ಬೇರೆ ದಾರಿ. 2010ರ ಫೆಬ್ರವರಿಯಲ್ಲಿ ಕೈದಿ ಒರ್ಲಾಂಡೊ ಸಪಾಟಾ ಉಪವಾಸ ಸತ್ಯಾಗ್ರಹ ಮಾಡಿ ಪ್ರಾಣ ಬಿಟ್ಟರು. ಜಗತ್ತು ಬೆಚ್ಚಿತು. ಆಮೇಲೆ ಕ್ಯಾಥೊಲಿಕ್ ಚರ್ಚು ಮತ್ತು ಸ್ಪೇನ್ ಸಂಧಾನಕ್ಕೆ ಕೂತು, ಕಪ್ಪು ವಸಂತದ ಕೈದಿಗಳಲ್ಲಿ ಉಳಿದಿದ್ದ 52 ಮಂದಿಯ ಬಿಡುಗಡೆಗೆ ದಾರಿ ಮಾಡಿದವು. ಹೆಚ್ಚಿನವರು ದೇಶ ಬಿಟ್ಟು ಸ್ಪೇನಿಗೆ ಹೋಗಬೇಕಾಯಿತು. ಹಾಗಾದರೆ ಸ್ಪೇನ್ ಸರಿ, ಜೆಕ್ ತಪ್ಪಾ? ಹಾಗೂ ಹೇಳೋಕಾಗಲ್ಲ. ಯಾರನ್ನು ಬಿಡಿಸಬೇಕು ಎನ್ನುವ ಪಟ್ಟಿ ಏಳು ವರ್ಷ ಮರೆಯಾಗದೆ ಉಳಿದದ್ದು ಬಿಳಿ ಉಡುಪಿನ ಆ ಹೆಂಗಸರಿಂದ, ಮತ್ತು ಅವರ ಮಾತನ್ನು ಪ್ರತಿ ಸಭೆಯಲ್ಲೂ ಎತ್ತಿದವರಿಂದ. ಬಾಗಿಲು ತಟ್ಟುವವರೂ ಬೇಕು, ಒಳಗೆ ಕೂತು ಮಾತಾಡುವವರೂ ಬೇಕು.

ಪಾಯಾ ಏನಾದರು? 2012ರ ಜುಲೈ 22ರಂದು ಪೂರ್ವ ಕ್ಯೂಬಾದ ಬಯಾಮೊ ಬಳಿ ಕಾರು ಅಪಘಾತದಲ್ಲಿ ಯುವ ಸಂಗಾತಿ ಹೆರಾಲ್ಡ್ ಸೆಪೆರೊ ಜೊತೆ ತೀರಿಕೊಂಡರು. ಚಾಲಕನ ಅಜಾಗರೂಕತೆ ಅಂತ ಸರ್ಕಾರ ಹೇಳಿತು. ಹಿಂದಿನಿಂದ ಬೇರೆ ವಾಹನ ಗುದ್ದಿತು ಅಂತ ಕುಟುಂಬ ಹೇಳುತ್ತಲೇ ಬಂತು. 2023ರಲ್ಲಿ ಅಮೆರಿಕ ಖಂಡಗಳ ಮಾನವ ಹಕ್ಕುಗಳ ಆಯೋಗ, ಈ ಸಾವುಗಳಿಗೆ ಕ್ಯೂಬಾ ಸರ್ಕಾರ ಹೊಣೆ ಎಂದು ತೀರ್ಮಾನ ಕೊಟ್ಟಿತು.

ಈಗ

2016ರ ಡಿಸೆಂಬರಿನಲ್ಲಿ ಯುರೋಪಿಯನ್ ಒಕ್ಕೂಟ ಕ್ಯೂಬಾದ ಜೊತೆ ಸಂವಾದ ಮತ್ತು ಸಹಕಾರದ ಒಪ್ಪಂದಕ್ಕೆ ಸಹಿ ಹಾಕಿತು. ಇಪ್ಪತ್ತು ವರ್ಷದ ಹಳೇ ಕಠಿಣ ನಿಲುವು ಬಿಟ್ಟಿತು. ಆದರೆ 2021ರ ಜುಲೈ 11ರಂದು, ಕೈಯಲ್ಲಿ ಮೊಬೈಲ್ ಬಂದಿದ್ದ ಹೊಸ ತಲೆಮಾರು ಊರೂರುಗಳಲ್ಲಿ ಬೀದಿಗೆ ಇಳಿಯಿತು. ಕರೆಂಟಿಲ್ಲ, ಊಟವಿಲ್ಲ, ಸ್ವಾತಂತ್ರ್ಯವಿಲ್ಲ ಎನ್ನುವ ಕೂಗು. ಸರ್ಕಾರದ್ದೇ ಲೆಕ್ಕದಲ್ಲಿ 790 ಮಂದಿಯ ಮೇಲೆ ಮೊಕದ್ದಮೆ. 2025ರ ಜನವರಿಯಲ್ಲಿ ವ್ಯಾಟಿಕನ್ ಮಾತುಕತೆಯ ನಂತರ 553 ಕೈದಿಗಳನ್ನು ಬಿಡುವುದಾಗಿ ಕ್ಯೂಬಾ ಪ್ರಕಟಿಸಿತು. ಹೊರಬಂದ ಕೆಲವರು ತಿಂಗಳುಗಳಲ್ಲೇ ಮತ್ತೆ ಒಳಗೆ ಹೋದರು.

ಜೆಕ್ ಅನುಭವದಿಂದ ತಿಳಿಯೋದು ಇಷ್ಟು. ಹೊರಗಿನ ದೇಶವೊಂದು ಇನ್ನೊಂದು ದೇಶವನ್ನು ಬದಲಾಯಿಸಲಾರದು. ಬದಲಾಯಿಸಲು ಹೊರಟರೆ ಅಲ್ಲಿನವರಿಗೇ ಪೆಟ್ಟು. ಅದರ ಕೈಲಾಗೋದು ಇನ್ನೂ ಚಿಕ್ಕದು: ಒಬ್ಬ ಮನುಷ್ಯ ಒಂಟಿಯಾಗಿ, ಹೆಸರಿಲ್ಲದೆ ಜೈಲಿನಲ್ಲಿ ಕಳೆದುಹೋಗದ ಹಾಗೆ ನೋಡಿಕೊಳ್ಳೋದು. ಅದನ್ನೂ ಗುಟ್ಟಾಗಿ ಮಾಡಿದರೆ ಅನುಮಾನ ಹುಟ್ಟುತ್ತೆ, ಬಹಿರಂಗವಾಗಿ, ಬಿಡದೆ ಮಾಡಿದರೆ ಮಾತ್ರ ತೂಕ. ಮತ್ತೆ ಅದರ ಬೆಲೆ ತೆರೋದು ಯಾವಾಗಲೂ ಅಲ್ಲೇ ಉಳಿಯುವವರು. ರಾಯಭಾರಿಯನ್ನು ಹೊರಹಾಕಿದರೆ ಅವರು ಮನೆಗೆ ಹೋಗ್ತಾರೆ. ಔತಣ ಮುಗಿಸಿ ಹೊರಟ ಅತಿಥಿ ಮನೆ ಸೇರ್ತಾನಾ, ಠಾಣೆ ಸೇರ್ತಾನಾ ಅನ್ನೋದು ಗೇಟು ದಾಟಿದ ಮೇಲೇ ಗೊತ್ತಾಗೋದು. ಆ 11,020 ಮಂದಿ ಸಹಿ ಹಾಕಿದ್ದು ಇದೆಲ್ಲ ಗೊತ್ತಿದ್ದೇ.